ಟೇಬಲ್ ಹೋದರೂ ಕಡತ ಉಳಿದೀತು: ಡೇಟಾಬೇಸ್ ಪರೀಕ್ಷೆಗೆ ಮುಖ್ಯಾಂಶಗಳು

ಕುಪ್ಪೇಲೂರು ಹೋಬಳಿಯ ಒಂದು ಹೊಲದ ಉತಾರ (ಪಹಣಿ) ತೆಗೆಸಲು ಹೋದರೆ ಭೂಮಿ ತಂತ್ರಾಂಶಕ್ಕೆ ಏನೇನು ಹೇಳಬೇಕು, ನೆನಪಿಸಿಕೊಳ್ಳಿ. ಜಿಲ್ಲೆ ಹಾವೇರಿ, ತಾಲ್ಲೂಕು ರಾಣೆಬೆನ್ನೂರು, ಹೋಬಳಿ ಕುಪ್ಪೇಲೂರು, ಆಮೇಲೆ ಊರು, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ. ಹೊಲ ಅಪ್ಪನಿಂದ ಮಗನಿಗೆ ವಾರಸಾದಲ್ಲಿ ಬಂದಾಗ ಉತಾರದಲ್ಲಿನ ಹೆಸರು ಬದಲಾಗುತ್ತದೆ, ಸರ್ವೆ ನಂಬರ್ ಹಾಗೆಯೇ ಇರುತ್ತದೆ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕರ್ನಾಟಕ ಗಣಕಕ್ಕೆ ಏರಿಸಿದ್ದು ಈ ಕ್ರಮದ ಮೇಲೆಯೇ. ಹೆಸರು ಜನರ ಬಾಯಿಗೆ, ನಂಬರ್ ಲೆಕ್ಕದ ಪುಸ್ತಕಕ್ಕೆ.

ಡೇಟಾಬೇಸ್ ತನ್ನ ಟೇಬಲ್‌ಗಳನ್ನು ಡಿಸ್ಕ್‌ನಲ್ಲಿ ಇಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಟೇಬಲ್‌ಗೆ ನಾವು ಇಟ್ಟ ಹೆಸರೇ ಕಡತಕ್ಕೂ ಇರಬೇಕೇ? ಟೇಬಲ್ ಅಳಿಸಿದ ಕ್ಷಣವೇ ಕಡತವೂ ಹೋಗಬೇಕೇ? ಪಠ್ಯಪುಸ್ತಕಗಳು ಎಸ್‌ಕ್ಯೂಎಲ್ ಆಜ್ಞೆ ಕಲಿಸಿ ಇಲ್ಲಿಗೆ ಬಂದಾಗ ನಿಂತುಬಿಡುತ್ತವೆ. ನಮ್ಮ ಕಡೆಯ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಹುಡುಗ ಹುಡುಗಿಯರು ಮೌಖಿಕ ಪರೀಕ್ಷೆಯಲ್ಲಿ ತಡವರಿಸುವುದೂ ಇಲ್ಲಿಯೇ. ಆದ್ದರಿಂದ ಪೋಸ್ಟ್‌ಗ್ರೆಸ್ಕ್ಯೂಎಲ್ ಅನ್ನು ಆಧಾರವಾಗಿಟ್ಟುಕೊಂಡು ವಿವರವಾಗಿ ಬರೆದಿದ್ದೇನೆ, ಉಳಿದ ವ್ಯವಸ್ಥೆಗಳನ್ನು ಅಗತ್ಯವಿದ್ದಷ್ಟು ಮಾತ್ರ ಮುಟ್ಟಿದ್ದೇನೆ.

ಮೂರು ಗುರುತು

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್‌ಗೆ ಮೂರು ಗುರುತು. ಮೊದಲನೆಯದು ನಾವು ಇಟ್ಟ ಹೆಸರು, ಪಹಣಿ ಎಂದುಕೊಳ್ಳಿ. ಎರಡನೆಯದು ಓಐಡಿ ಎಂಬ ಸಂಖ್ಯೆ. ಟೇಬಲ್ ಇರುವವರೆಗೂ ಇದು ಬದಲಾಗದು, ಹಾಗಾಗಿ ಇದೇ ಸರ್ವೆ ನಂಬರ್. ಮೂರನೆಯದು ಫೈಲ್‌ನೋಡ್ ಸಂಖ್ಯೆ. ಡಿಸ್ಕ್‌ನಲ್ಲಿ ಕಡತಕ್ಕೆ ಇರುವ ಹೆಸರು ಇದೇ. ಹಳೆಯ ದಫ್ತರ ಹರಿದುಹೋಗಿ ಹೊಸ ಪುಸ್ತಕಕ್ಕೆ ಎಲ್ಲವನ್ನೂ ನಕಲು ಮಾಡಿದರೆ ಸರ್ವೆ ನಂಬರ್ ಅದೇ ಇರುತ್ತದೆ, ಪುಸ್ತಕ ಮಾತ್ರ ಬೇರೆಯಾಗುತ್ತದೆ. ಫೈಲ್‌ನೋಡ್ ಎಂದರೆ ಆ ಪುಸ್ತಕದ ನಂಬರ್.

ಟೇಬಲ್ ಹೊಸದಾಗಿ ಹುಟ್ಟಿದಾಗ ಓಐಡಿ ಮತ್ತು ಫೈಲ್‌ನೋಡ್ ಸಾಮಾನ್ಯವಾಗಿ ಒಂದೇ ಇರುತ್ತವೆ. ಇದರಿಂದಲೇ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಬೆಳೆದಿದೆ. ಪರೀಕ್ಷೆಯಲ್ಲಿ "ಎರಡೂ ಯಾವಾಗಲೂ ಸಮ" ಎಂಬ ಆಯ್ಕೆ ಕಂಡರೆ ಅದನ್ನು ಬಿಡಿ.

ಕಡತದ ದಾರಿ: ಬೇಸ್ / ಡೇಟಾಬೇಸ್‌ನ ಓಐಡಿ / ಫೈಲ್‌ನೋಡ್. ಉದಾಹರಣೆಗೆ, ಬೇಸ್/16384/16402.

ಬಳಕೆದಾರರು ಸೃಷ್ಟಿಸುವ ವಸ್ತುಗಳ ಓಐಡಿ 16384ರಿಂದ ಶುರುವಾಗುತ್ತದೆ. ಅದಕ್ಕಿಂತ ಕೆಳಗಿನ ಸಂಖ್ಯೆಗಳು ವ್ಯವಸ್ಥೆಗೆ ಮೀಸಲು.

ಓಐಡಿ 32 ಬಿಟ್‌ನ ಸಂಖ್ಯೆ, ಸುಮಾರು 429 ಕೋಟಿಯವರೆಗೆ ಹೋಗುತ್ತದೆ. ಮುಗಿದ ಮೇಲೆ ಎಣಿಕೆ ಸುತ್ತು ಹಾಕಿ ಮತ್ತೆ ಮೊದಲಿಗೆ ಬರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಕಡತ 1 ಜಿಬಿ ತುಂಬಿದರೆ ಮುಂದಿನ ತುಂಡು ಶುರು: 16402, 16402.1, 16402.2 ಹೀಗೆ. ಪುಟದ ಅಳತೆ 8 ಕೆಬಿ, ಒಂದು ತುಂಡಿನಲ್ಲಿ 1,31,072 ಪುಟ. ಕಡತದ ಗಾತ್ರಕ್ಕೆ ಮಿತಿಯಿರುವ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ತೊಡಕಾಗದಿರಲಿ ಎಂದು ಈ ಏರ್ಪಾಡು.

ಮುಖ್ಯ ಕಡತದ ಪಕ್ಕದಲ್ಲಿ ಅದೇ ನಂಬರಿಗೆ ಬಾಲ ಅಂಟಿಸಿಕೊಂಡ ಒಡನಾಡಿ ಕಡತಗಳಿರುತ್ತವೆ. ಎಫ್‌ಎಸ್‌ಎಂ ಬಾಲದ್ದು ಯಾವ ಪುಟದಲ್ಲಿ ಎಷ್ಟು ಖಾಲಿ ಜಾಗವಿದೆ ಎಂಬ ನಕ್ಷೆ. ವಿಎಂ ಬಾಲದ್ದು ಯಾವ ಪುಟದ ಸಾಲುಗಳೆಲ್ಲ ಎಲ್ಲರಿಗೂ ಕಾಣುವಂಥವು ಎಂಬ ನಕ್ಷೆ. ಇನಿಟ್ ಬಾಲ ಅನ್‌ಲಾಗ್ಡ್ ಟೇಬಲ್‌ಗೂ ಅದರ ಸೂಚಿಗಳಿಗೂ ಮಾತ್ರ. ಸರ್ವರ್ ಹಠಾತ್ ಬಿದ್ದು ಎದ್ದರೆ ಅಂಥ ಟೇಬಲ್ ಅನ್ನು ಇದೇ ಖಾಲಿ ಅಚ್ಚಿನಿಂದ ಮತ್ತೆ ಕಟ್ಟಲಾಗುತ್ತದೆ, ಒಳಗಿನ ಡೇಟಾ ಉಳಿಯುವುದಿಲ್ಲ.

ಉದ್ದನೆಯ ಮೌಲ್ಯಗಳನ್ನು ಇಡುವ ಟೋಸ್ಟ್ ಟೇಬಲ್‌ಗೂ, ಪ್ರತಿಯೊಂದು ಸೂಚಿಗೂ ಸ್ವಂತ ಫೈಲ್‌ನೋಡ್ ಇರುತ್ತದೆ. ಒಂದು ಟೇಬಲ್ ಎಂದರೆ ಒಂದೇ ಕಡತ ಎಂದು ಬರೆದರೆ ಅಂಕ ಸಿಗದು.

ಟೇಬಲ್‌ಗಳ ವಿವರವನ್ನು ಪೋಸ್ಟ್‌ಗ್ರೆಸ್ ತನ್ನದೇ ಪಟ್ಟಿಗಳಲ್ಲಿ (ಕ್ಯಾಟಲಾಗ್) ಇಡುತ್ತದೆ. ಅಂಥ ಕೆಲವು ಮೂಲ ಪಟ್ಟಿಗಳ ಫೈಲ್‌ನೋಡ್ ಅಲ್ಲಿ 0 ಎಂದು ಕಾಣುತ್ತದೆ. ಅವುಗಳ ನಿಜವಾದ ನಂಬರ್ ಪಿಜಿ ಫೈಲ್‌ನೋಡ್ ಮ್ಯಾಪ್ ಎಂಬ ಪುಟ್ಟ ಕಡತದಲ್ಲಿದೆ. ಎಲ್ಲ ಟೇಬಲ್‌ಗಳ ವಿಳಾಸ ಹೇಳುವ ಪಟ್ಟಿಯ ವಿಳಾಸವನ್ನು ಅದೇ ಪಟ್ಟಿಯೊಳಗೆ ಹುಡುಕಲಾಗದಲ್ಲ, ಅದಕ್ಕೇ.

ಹೆಸರು ಬಿಟ್ಟು ನಂಬರ್ ಏಕೆ?

ಪೋಸ್ಟ್‌ಗ್ರೆಸ್‌ನ ಹಳೆಯ ಆವೃತ್ತಿಗಳಲ್ಲಿ ಟೇಬಲ್‌ನ ಹೆಸರೇ ಕಡತದ ಹೆಸರಾಗಿತ್ತು. 2001ರಲ್ಲಿ ಬಂದ 7.1ನೇ ಆವೃತ್ತಿಯಿಂದ ನಂಬರ್ ಪದ್ಧತಿ ಬಂತು. ಕಾರಣ ಗೊತ್ತಾದರೆ ಈ ಭಾಗವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಒಂದೇ ವಹಿವಾಟಿನೊಳಗೆ (ಟ್ರಾನ್ಸಾಕ್ಷನ್) ಪಹಣಿ ಟೇಬಲ್ ಅನ್ನು ಡ್ರಾಪ್ ಮಾಡಿ, ಪಹಣಿ ಎಂಬ ಹೆಸರಿನಲ್ಲೇ ಹೊಸ ಟೇಬಲ್ ಮಾಡಿದಿರಿ ಎಂದಿಟ್ಟುಕೊಳ್ಳಿ. ಇನ್ನೂ ಕಮಿಟ್ ಆಗಿಲ್ಲ. ನೀವು ರೋಲ್‌ಬ್ಯಾಕ್ ಎಂದರೆ ಹಳೆಯದು ಹಾಗೆಯೇ ಮರಳಬೇಕು, ಕಮಿಟ್ ಎಂದರೆ ಹೊಸದು ನಿಲ್ಲಬೇಕು. ಅಂದರೆ ನಿರ್ಧಾರ ಆಗುವವರೆಗೆ ಎರಡೂ ಕಡತಗಳು ಡಿಸ್ಕ್‌ನಲ್ಲಿ ಒಟ್ಟಿಗೆ ಬದುಕಿರಬೇಕು. ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರಿನ ಎರಡು ಕಡತ ಇರಲಾರವು. ಬ್ಯಾಡಗಿ ಮಾರುಕಟ್ಟೆಗೆ ಒಬ್ಬ ರೈತ ಎರಡು ತರಹದ ಮೆಣಸಿನಕಾಯಿ ತಂದರೆ ಎರಡೂ ರಾಶಿ ಅವನ ಹೆಸರಿನವೇ, ಆದರೆ ಲಾಟ್ ನಂಬರ್ ಬೇರೆ ಬೇರೆ. ನಂಬರ್ ಇರುವುದರಿಂದ ಒಂದು ಲಾಟ್ ಮಾರಾಟವಾಗಿ ಇನ್ನೊಂದು ಉಳಿದರೂ ಗೊಂದಲವಿಲ್ಲ.

ಹೆಸರು ಬದಲಾಯಿಸುವುದೂ ಸುಲಭವಾಯಿತು. ರೀನೇಮ್ ಮಾಡಿದಾಗ ಪೋಸ್ಟ್‌ಗ್ರೆಸ್ ಪಟ್ಟಿಯಲ್ಲಿ ಹೆಸರನ್ನು ತಿದ್ದುತ್ತದೆ, ಕಡತವನ್ನು ಮುಟ್ಟುವುದೇ ಇಲ್ಲ. ಹೆಸರೇ ಕಡತವಾಗಿದ್ದರೆ ಪಟ್ಟಿಯ ಸಾಲು ತಿದ್ದಿ ಕಡತದ ಹೆಸರು ಬದಲಿಸುವ ಮುನ್ನ ಕರೆಂಟ್ ಹೋದರೆ ಎರಡಕ್ಕೂ ತಾಳೆಯಾಗುತ್ತಿರಲಿಲ್ಲ.

ಯಾವ ಆಜ್ಞೆಗೆ ಕಡತ ಏನಾಗುತ್ತದೆ

ಡಿಲೀಟ್: ಸಾಲುಗಳಿಗೆ ಸತ್ತ ಗುರುತು ಬೀಳುತ್ತದೆ. ಕಡತ ಅದೇ, ಗಾತ್ರವೂ ಅದೇ.

ವ್ಯಾಕ್ಯೂಮ್: ಸತ್ತ ಸಾಲುಗಳ ಜಾಗ ಅದೇ ಟೇಬಲ್‌ನ ಮರುಬಳಕೆಗೆ ಸಿಗುತ್ತದೆ. ಕಡತದ ತುದಿಯ ಪುಟಗಳು ಪೂರ್ತಿ ಖಾಲಿಯಿದ್ದರೆ ಮಾತ್ರ ಕಡತ ಗಿಡ್ಡವಾಗುತ್ತದೆ. ನಡುವಿನ ಖಾಲಿ ಡಿಸ್ಕ್‌ಗೆ ಮರಳುವುದಿಲ್ಲ.

ವ್ಯಾಕ್ಯೂಮ್ ಫುಲ್, ಕ್ಲಸ್ಟರ್: ಬದುಕಿರುವ ಸಾಲುಗಳನ್ನು ಹೊಸ ಕಡತಕ್ಕೆ ಬರೆದು ಹಳೆಯದನ್ನು ತೆಗೆಯುತ್ತವೆ. ಫೈಲ್‌ನೋಡ್ ಬದಲಾಗುತ್ತದೆ. ಅಷ್ಟೂ ಹೊತ್ತು ಟೇಬಲ್ ಓದಲೂ ಸಿಗದಂತೆ ಬೀಗ ಬೀಳುತ್ತದೆ, ಹೊಸ ಪ್ರತಿಗೆ ಬೇಕಾದಷ್ಟು ಜಾಗ ಡಿಸ್ಕ್‌ನಲ್ಲಿ ಮೊದಲೇ ಇರಬೇಕು. ಡಿಸ್ಕ್ ತುಂಬಿ ತುಳುಕುವಾಗ ಜಾಗ ಮಾಡಿಕೊಳ್ಳಲು ಈ ಆಜ್ಞೆ ಕೊಡುವವರು ಅದೇ ಜಾಗದ ಕೊರತೆಯಿಂದ ಸಿಕ್ಕಿಬೀಳುತ್ತಾರೆ. ಇದು ಅನ್ವಯಿಕ ಪ್ರಶ್ನೆಗೆ ಹೇಳಿಮಾಡಿಸಿದ ವಿಷಯ.

ಟ್ರಂಕೇಟ್: ಖಾಲಿ ಹೊಸ ಕಡತ, ಹೊಸ ಫೈಲ್‌ನೋಡ್. ಓಐಡಿ ಹಳೆಯದೇ. ರೋಲ್‌ಬ್ಯಾಕ್ ಮಾಡಿದರೆ ಹಳೆಯ ಕಡತವೇ ಮತ್ತೆ ಜಾರಿಗೆ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಂಕೇಟ್ ಅನ್ನು ಹಿಂತೆಗೆದುಕೊಳ್ಳಬಹುದು ಎಂಬುದಕ್ಕೆ ಕಾರಣ ಇದೇ.

ರೀಇಂಡೆಕ್ಸ್: ಸೂಚಿಯ ಕಡತ ಹೊಸದು.

ಡ್ರಾಪ್ ಆದ ಕಡತ ಯಾವಾಗ ಹೋಗುತ್ತದೆ?

ಇಡೀ ಪಾಠದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು, ಎರಡು ಸಲ ಓದಿ.

ಡ್ರಾಪ್ ಟೇಬಲ್ ಎಂದು ಟೈಪ್ ಮಾಡಿದಾಗ ಕಡತಕ್ಕೆ ಏನೂ ಆಗುವುದಿಲ್ಲ. ಅಳಿಸಬೇಕಾದವು ಎಂಬ ಪಟ್ಟಿಯಲ್ಲಿ ಅದರ ನಂಬರ್ ಸೇರುತ್ತದೆ, ಆ ಪಟ್ಟಿ ಮೆಮೊರಿಯಲ್ಲಿರುತ್ತದೆ. ಕಮಿಟ್ ಮಾಡಿದಾಗ ಮೊದಲು ಕಮಿಟ್‌ನ ದಾಖಲೆ, ಅಳಿಸಬೇಕಾದ ಕಡತಗಳ ನಂಬರ್ ಸಮೇತ, ವಾಲ್ ಎಂಬ ದಿನಚರಿಗೆ ಬರೆದು ಡಿಸ್ಕ್‌ನಲ್ಲಿ ಭದ್ರವಾಗುತ್ತದೆ. ಅದಾದ ಮೇಲಷ್ಟೇ ಕಡತಕ್ಕೆ ಕೈ ಹಾಕುವುದು. ಈ ಅನುಕ್ರಮ ತಿರುವುಮುರುವಾದರೆ, ಅಂದರೆ ಕಡತ ಹೋಗಿ ಕಮಿಟ್ ಬರೆಯುವ ಮುನ್ನ ಸರ್ವರ್ ಬಿದ್ದರೆ, ಪಟ್ಟಿಯಲ್ಲಿ ಟೇಬಲ್ ಇದೆ, ಡಿಸ್ಕ್‌ನಲ್ಲಿ ಡೇಟಾ ಇಲ್ಲ ಎಂಬ ಸ್ಥಿತಿ ಬಂದೊದಗುತ್ತದೆ. ನಕಲು ಸರ್ವರ್ ಕೂಡ ಇದೇ ಕಮಿಟ್ ದಾಖಲೆಯನ್ನು ಓದಿ ತನ್ನ ಬಳಿಯ ಕಡತವನ್ನು ತೆಗೆಯುತ್ತದೆ.

ಕಡತ ತೆಗೆಯುವಾಗಲೂ ಎರಡು ಹಂತ. ಮೊದಲು ಕಡತದ ಉದ್ದವನ್ನು ಸೊನ್ನೆಗೆ ಇಳಿಸಲಾಗುತ್ತದೆ. ಲಿನಕ್ಸ್‌ನಲ್ಲಿ ಯಾವುದಾದರೂ ಪ್ರೊಸೆಸ್ ತೆರೆದಿಟ್ಟುಕೊಂಡಿರುವ ಕಡತವನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ಆ ಪ್ರೊಸೆಸ್ ಮುಚ್ಚುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಉದ್ದವನ್ನೇ ಸೊನ್ನೆ ಮಾಡಿದರೆ ಯಾರು ತೆರೆದಿಟ್ಟಿದ್ದರೂ ಜಾಗ ಆಗಲೇ ಸಿಗುತ್ತದೆ.

ಎರಡನೆಯ ಹಂತ ಇನ್ನೂ ಸ್ವಾರಸ್ಯದ್ದು. 16402.1, 16402.2 ಮುಂತಾದ ತುಂಡುಗಳು ಕೂಡಲೇ ಹೋಗುತ್ತವೆ. ಮೊದಲ ತುಂಡು 16402 ಮಾತ್ರ ಸೊನ್ನೆ ಬೈಟ್‌ನ ಖಾಲಿ ಕಡತವಾಗಿ, ಮೆಮೊರಿಯ ಬದಲಾವಣೆಗಳನ್ನೆಲ್ಲ ಡಿಸ್ಕ್‌ಗೆ ಇಳಿಸುವ ಮುಂದಿನ ಚೆಕ್‌ಪಾಯಿಂಟ್‌ವರೆಗೆ ಡಿಸ್ಕ್‌ನಲ್ಲಿ ಉಳಿಯುತ್ತದೆ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ಖಾಲಿ ಕಡತ ಟವೆಲ್ ಇದ್ದ ಹಾಗೆ: ಈ ನಂಬರ್ ಇನ್ನೂ ಯಾರಿಗೂ ಇಲ್ಲ. ಹೊಸ ಟೇಬಲ್‌ಗೆ ನಂಬರ್ ಕೊಡುವ ಮುನ್ನ ಪೋಸ್ಟ್‌ಗ್ರೆಸ್ ಆ ಹೆಸರಿನ ಕಡತ ಡಿಸ್ಕ್‌ನಲ್ಲಿ ಇದೆಯೇ ಎಂದು ನೋಡುತ್ತದೆ, ಇದ್ದರೆ ಮುಂದಿನ ನಂಬರಿಗೆ ಹೋಗುತ್ತದೆ.

ನಂಬರ್ ಬೇಗ ಮರುಬಳಕೆಯಾದರೆ ಆಗುವ ನಷ್ಟವೇನು? 429 ಕೋಟಿಯ ಎಣಿಕೆ ಸುತ್ತು ಹಾಕಿ, ಈಗಷ್ಟೇ ಅಳಿಸಿದ 16402 ಹೊಸ ಟೇಬಲ್‌ಗೆ ಸಿಕ್ಕಿತು ಎನ್ನಿ. ವಾಲ್ ಮಟ್ಟ ಕನಿಷ್ಠದಲ್ಲಿದ್ದಾಗ ಹೊಸ ಟೇಬಲ್‌ಗೆ ರಾಶಿಯಾಗಿ ತುಂಬಿದ ಡೇಟಾ ದಿನಚರಿಗೆ ಹೋಗದೆ ನೇರ ಕಡತಕ್ಕೇ ಬರೆದು ಭದ್ರವಾಗುವುದುಂಟು. ಚೆಕ್‌ಪಾಯಿಂಟ್‌ಗೆ ಮುನ್ನ ಸರ್ವರ್ ಬಿತ್ತು. ಎದ್ದಾಗ ದಿನಚರಿಯನ್ನು ಹಿಂದಿನ ಚೆಕ್‌ಪಾಯಿಂಟ್‌ನಿಂದ ಮುಂದಕ್ಕೆ ಓದುತ್ತಾ ಬರುತ್ತದೆ, "16402 ಅಳಿಸು" ಎಂಬ ಹಳೆಯ ಸಾಲು ಸಿಗುತ್ತದೆ, ಅಳಿಸುತ್ತದೆ. ಹೋದದ್ದು ಹೊಸ ಟೇಬಲ್‌ನ ಡೇಟಾ. ಅದನ್ನು ಮತ್ತೆ ತುಂಬಲು ದಿನಚರಿಯಲ್ಲಿ ಏನೂ ಇಲ್ಲ. ಚೆಕ್‌ಪಾಯಿಂಟ್ ಆದ ಮೇಲೆ ಚೇತರಿಕೆ ಅದಕ್ಕಿಂತ ಹಿಂದಿನ ಸಾಲುಗಳನ್ನು ಓದುವುದಿಲ್ಲ, ಆದ್ದರಿಂದ ಆಗ ಟವೆಲ್ ತೆಗೆದರೆ ಅಪಾಯವಿಲ್ಲ.

ಚೆಕ್‌ಪಾಯಿಂಟ್‌ನ ಪೂರ್ವನಿಯೋಜಿತ ಅವಧಿ 5 ನಿಮಿಷ. ಫೈಲ್‌ನೋಡ್ ಸಂಖ್ಯೆಯನ್ನು 56 ಬಿಟ್‌ಗೆ ಹಿಗ್ಗಿಸಿ ಈ ತೊಡಕನ್ನೇ ಇಲ್ಲವಾಗಿಸುವ ಬದಲಾವಣೆಯನ್ನು 2022ರಲ್ಲಿ ಮೂಲಕ್ಕೆ ಸೇರಿಸಿ, ಬಿಡುಗಡೆಗೆ ಮುನ್ನವೇ ಹಿಂತೆಗೆದುಕೊಂಡರು.

ಅನಾಥ ಕಡತಗಳು

ಟೇಬಲ್ ಮಾಡಿದ ವಹಿವಾಟು ರೋಲ್‌ಬ್ಯಾಕ್ ಆದರೆ ಪೋಸ್ಟ್‌ಗ್ರೆಸ್ ಕಡತವನ್ನು ತಾನೇ ಅಳಿಸುತ್ತದೆ. ಆದರೆ ಕಮಿಟ್‌ಗೂ ರೋಲ್‌ಬ್ಯಾಕ್‌ಗೂ ಮುನ್ನ ಸರ್ವರೇ ಬಿದ್ದರೆ ಮೆಮೊರಿಯಲ್ಲಿದ್ದ ಪಟ್ಟಿ ಹೋಯಿತು. ಕಡತ ಡಿಸ್ಕ್‌ನಲ್ಲಿ ಉಳಿಯಿತು, ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಇದೇ ಅನಾಥ ಕಡತ. ಇದನ್ನು ಪೋಸ್ಟ್‌ಗ್ರೆಸ್ ತಾನಾಗಿ ಗುಡಿಸುವುದಿಲ್ಲ. ನೂರಾರು ಜಿಬಿ ತುಂಬುವ ವ್ಯಾಕ್ಯೂಮ್ ಫುಲ್ ನಡುವೆ ಸರ್ವರ್ ಬಿದ್ದರೆ ಅಷ್ಟೂ ಜಾಗ ಲೆಕ್ಕಕ್ಕೆ ಸಿಗದೆ ಕೂರುತ್ತದೆ.

ಹುಡುಕುವ ದಾರಿ: ಡೈರೆಕ್ಟರಿಯಲ್ಲಿರುವ ನಂಬರ್‌ಗಳನ್ನು ಪಟ್ಟಿಯ ಫೈಲ್‌ನೋಡ್‌ಗಳೊಂದಿಗೆ ತಾಳೆ ನೋಡುವುದು. ಇಲ್ಲಿ ಎಚ್ಚರ ಬೇಕು. ಇನ್ನೂ ಕಮಿಟ್ ಆಗದ ವಹಿವಾಟಿನ ಕಡತವೂ ಬೇರೆಯವರ ಕಣ್ಣಿಗೆ ಅನಾಥವಾಗಿಯೇ ಕಾಣುತ್ತದೆ. ಟವೆಲ್ ಆಗಿ ಉಳಿದ ಖಾಲಿ ಕಡತವೂ ಹಾಗೆಯೇ. ಓಐಡಿಗೆ ತಾಳೆ ನೋಡಿದರೆ ಒಮ್ಮೆ ಟ್ರಂಕೇಟ್ ಆದ ಜೀವಂತ ಟೇಬಲ್ ಕೂಡ ಅನಾಥವೆನಿಸುತ್ತದೆ. ಡೇಟಾ ಡೈರೆಕ್ಟರಿಯೊಳಗೆ ಕೈಯಾರೆ ಆರ್‌ಎಂ ಆಜ್ಞೆ ಕೊಡಬೇಡಿ, ಬ್ಯಾಕಪ್ ಇಲ್ಲದಾಗಲಂತೂ ಖಂಡಿತ ಬೇಡ. ಊರಿನ ಸಹಕಾರ ಸಂಘದ ಸಾಲದ ಲೆಕ್ಕವೋ ಶಾಲೆಯ ಅಂಕಪಟ್ಟಿಯೋ ಆ ನಂಬರಿನ ಹಿಂದೆ ಇರಬಹುದು.

ತಾತ್ಕಾಲಿಕ ಟೇಬಲ್‌ನ ಕಡತಕ್ಕೆ ಟಿ ಅಕ್ಷರ, ಸಂಪರ್ಕದ ಸಂಖ್ಯೆ, ಅಡಿಗೆರೆ, ಫೈಲ್‌ನೋಡ್ ಹೀಗೆ ಹೆಸರು. ಉದಾಹರಣೆಗೆ, ಟಿ3_16420. ಹೆಸರಿನಿಂದಲೇ ಗುರುತು ಸಿಗುವುದರಿಂದ ಸರ್ವರ್ ಶುರುವಾಗುವಾಗ ಇವನ್ನು ನಿರ್ಭಯವಾಗಿ ಅಳಿಸಬಹುದು. ವಿಂಗಡಣೆಗೆ ಮೆಮೊರಿ ಸಾಲದಾದಾಗ ಹುಟ್ಟುವ ತಾತ್ಕಾಲಿಕ ಕಡತಗಳ ಹೆಸರಿನಲ್ಲಿ ಪ್ರೊಸೆಸ್ ಸಂಖ್ಯೆ ಇರುತ್ತದೆ. ಒಂದು ಪ್ರೊಸೆಸ್ ಕುಸಿದ ಮೇಲೆ ಅವನ್ನು ತೆಗೆಯುವ ಏರ್ಪಾಡು 14ನೇ ಆವೃತ್ತಿಯಿಂದ ಪೂರ್ವನಿಯೋಜಿತ.

ಮೈಎಸ್‌ಕ್ಯೂಎಲ್: ಕನ್ನಡ ಹೆಸರು ಡಿಸ್ಕ್‌ನಲ್ಲಿ

ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳನ್ನು ಡಿಸ್ಕ್‌ನಲ್ಲಿಡುವ ಎಂಜಿನ್ ಇನೋಡಿಬಿ ಇಂದಿಗೂ ಹೆಸರಿನ ಪದ್ಧತಿಯನ್ನೇ ಇಟ್ಟುಕೊಂಡಿದೆ. ಪ್ರತಿ ಟೇಬಲ್‌ಗೆ ಅದರದೇ ಹೆಸರಿನ ಐಬಿಡಿ ಕಡತ, 5.6.6ನೇ ಆವೃತ್ತಿಯಿಂದ ಇದು ಪೂರ್ವನಿಯೋಜಿತ. ರೀನೇಮ್ ಮಾಡಿದರೆ ಕಡತದ ಹೆಸರೂ ಬದಲಾಗುತ್ತದೆ. ಪೋಸ್ಟ್‌ಗ್ರೆಸ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಕನ್ನಡದಲ್ಲಿ ಹೆಸರಿಟ್ಟರೆ? ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳು ಇದ್ದ ಹಾಗೆ ಹೋಗುತ್ತವೆ. ಕನ್ನಡದ ಪ್ರತಿ ಸಂಕೇತ @ ಗುರುತು ಮತ್ತು ನಾಲ್ಕು ಅಂಕಿಯ ಯುನಿಕೋಡ್ ಸಂಖ್ಯೆಯಾಗುತ್ತದೆ. ಪಹಣಿ ಎಂಬ ಟೇಬಲ್‌ನ ಕಡತ @0ಸಿಎಎ@0ಸಿಬಿ9@0ಸಿಎ3@0ಸಿಬಿಎಫ್ ಎಂದಾಗುತ್ತದೆ. ಇಲ್ಲಿನ ಎ, ಬಿ, ಸಿ, ಎಫ್‌ಗಳು ಹದಿನಾರರ ಎಣಿಕೆಯ ಅಂಕಿಗಳು. ಕಣ್ಣಿಗೆ ಮೂರೇ ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಪ, ಹ, ಣ ಮತ್ತು ಗುಡಿಸು. ಕುಪ್ಪೇಲೂರು ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಹತ್ತು ಸಂಕೇತ, ಕಡತದ ಹೆಸರಿನಲ್ಲಿ 50 ಚಿಹ್ನೆ. ಮೈಎಸ್‌ಕ್ಯೂಎಲ್ ಹೆಸರಿಗೆ 64 ಸಂಕೇತಗಳ ಮಿತಿ ಇಟ್ಟಿದ್ದರೂ, ಅಷ್ಟೂ ಕನ್ನಡವಾದರೆ 320 ಚಿಹ್ನೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್ ಮಾತ್ರ.

ಪೋಸ್ಟ್‌ಗ್ರೆಸ್‌ನಲ್ಲಿ ಕಡತಕ್ಕೆ ಈ ಕಷ್ಟವಿಲ್ಲ, ಹೆಸರಿಗಿದೆ. ಹೆಸರಿನ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಲ್ಲಿಗೆ 21 ಸಂಕೇತ. ಅದಕ್ಕಿಂತ ಉದ್ದವಾದರೆ ಸೂಚನೆ ಕೊಟ್ಟು ಕತ್ತರಿಸುತ್ತದೆ. ಕತ್ತರಿ ಒತ್ತಕ್ಷರದ ನಡುವೆ ಬೀಳಬಹುದು, ಮೊದಲ 21 ಸಂಕೇತ ಒಂದೇ ಇರುವ ಎರಡು ಹೆಸರುಗಳು ಡಿಕ್ಕಿ ಹೊಡೆಯಬಹುದು. ಕನ್ನಡದಲ್ಲಿ ಹೆಸರಿಡುವುದನ್ನು ಬಿಡಬೇಕಿಲ್ಲ, ಚಿಕ್ಕದಾಗಿಡಿ.

ಆಲ್ಟರ್ ನಡುವೆ ಸರ್ವರ್ ಬಿದ್ದರೆ ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ #ಎಸ್‌ಕ್ಯೂಎಲ್ ಎಂದು ಶುರುವಾಗುವ ಕಡತಗಳು ಅನಾಥವಾಗಿ ಉಳಿಯುತ್ತಿದ್ದವು. 2018ರಲ್ಲಿ ಸ್ಥಿರ ರೂಪದಲ್ಲಿ ಬಂದ 8.0ರಲ್ಲಿ ಎಫ್‌ಆರ್‌ಎಂ ಕಡತಗಳು ಹೋಗಿ ವಿವರಗಳೆಲ್ಲ ಒಂದೇ ಕೋಶಕ್ಕೆ ಸೇರಿದವು. ಡಿಡಿಎಲ್ ಲಾಗ್ ಎಂಬ ಟೇಬಲ್ ಬಂತು. ಯಾವ ಕಡತ ಅಳಿಸಬೇಕು ಎಂಬುದು ಅದರಲ್ಲಿ ಮೊದಲೇ ಬರೆದಿರುವುದರಿಂದ ಎದ್ದ ಮೇಲೆ ಕೆಲಸ ಪೂರ್ತಿಯಾಗುತ್ತದೆ.

ಉಳಿದವು, ಬೇಗ ಬೇಗ

ಒರಾಕಲ್: ಟೇಬಲ್‌ಗೆ ಸ್ವಂತ ಕಡತವಿಲ್ಲ, ಟೇಬಲ್‌ಸ್ಪೇಸ್‌ಗೆ ಇದೆ. 10ಜಿಯಿಂದ ಡ್ರಾಪ್ ಆದ ಟೇಬಲ್ ಬಿನ್$ ಎಂದು ಶುರುವಾಗುವ ಹೆಸರು ಪಡೆದು ಕಸದಬುಟ್ಟಿಯಲ್ಲಿರುತ್ತದೆ, ಫ್ಲ್ಯಾಶ್‌ಬ್ಯಾಕ್‌ನಿಂದ ಮರಳಿ ಪಡೆಯಬಹುದು, ಪರ್ಜ್ ಎಂದರೆ ಹೋಯಿತು.

ಎಸ್‌ಕ್ಯೂಎಲ್ ಸರ್ವರ್: ಎಂಡಿಎಫ್ ಮುಖ್ಯ ಕಡತ, ಎನ್‌ಡಿಎಫ್ ಹೆಚ್ಚುವರಿ, ಎಲ್‌ಡಿಎಫ್ ಲಾಗ್. ಟೇಬಲ್ ಅಳಿಸಿದರೆ ಪುಟ ಖಾಲಿಯಾಗುತ್ತದೆ, ಕಡತ ಕುಗ್ಗುವುದಿಲ್ಲ.

ಎಸ್‌ಕ್ಯೂಲೈಟ್: ಇಡೀ ಡೇಟಾಬೇಸ್ ಒಂದೇ ಕಡತ. ಅಳಿಸಿದ ಪುಟಗಳು ಖಾಲಿಪಟ್ಟಿಗೆ ಸೇರುತ್ತವೆ, ಸಾಮಾನ್ಯವಾಗಿ ವ್ಯಾಕ್ಯೂಮ್ ಮಾಡಿದರೆ ಮಾತ್ರ ಕಡತ ಗಿಡ್ಡ. ಇದರ ತಾತ್ಕಾಲಿಕ ಕಡತಗಳು ಎಸ್‌ಕ್ಯೂಲೈಟ್ ಎಂಬ ಅಕ್ಷರಗಳನ್ನು ಹಿಂದುಮುಂದಾಗಿಸಿದ ಹೆಸರಿನಿಂದ ಶುರುವಾಗುತ್ತವೆ. ಒಂದು ಆಂಟಿವೈರಸ್ ತಂತ್ರಾಂಶ ಈ ಡೇಟಾಬೇಸ್ ಬಳಸಿ ತಾತ್ಕಾಲಿಕ ಕಡತ ಬಿಟ್ಟಾಗ, ಜನ ಆ ಹೆಸರನ್ನು ಹುಡುಕಿ ಇದನ್ನು ಬರೆದವರಿಗೇ ರಾತ್ರಿ ಫೋನ್ ಮಾಡಿ ದೂರುತ್ತಿದ್ದರು. 2006ರಲ್ಲಿ ಹೆಸರು ತಿರುಗಿಸಿದರು.

ಕಸಾಂಡ್ರ: ಡೈರೆಕ್ಟರಿಯ ಹೆಸರಿನಲ್ಲಿ ಟೇಬಲ್‌ನ ಹೆಸರೂ ಒಂದು ಅನನ್ಯ ಗುರುತೂ ಒಟ್ಟಿಗೆ ಇರುತ್ತವೆ. ಅಳಿಸಿ ಮತ್ತೆ ಅದೇ ಹೆಸರಿನಲ್ಲಿ ಮಾಡಿದರೂ ಹಳೆಯ ಹೊಸ ಕಡತಗಳು ಬೆರೆಯವು. ಅಳಿಸಿದ ಸಾಲಿನ ಗುರುತು ಪೂರ್ವನಿಯೋಜಿತವಾಗಿ 10 ದಿನ ಉಳಿಯುತ್ತದೆ.

ಡೆಲ್ಟಾ ಲೇಕ್: ಬಳಕೆ ಬಿಟ್ಟ ಕಡತಗಳನ್ನು ವ್ಯಾಕ್ಯೂಮ್ ತೆಗೆಯುತ್ತದೆ, ಪೂರ್ವನಿಯೋಜಿತ ಕಾಯುವಿಕೆ 7 ದಿನ.

ಕೇಳಬಹುದಾದ ಪ್ರಶ್ನೆಗಳು

ಟ್ರಂಕೇಟ್ ನಂತರ ಬದಲಾಗುವುದು ಓಐಡಿಯೋ ಫೈಲ್‌ನೋಡೋ? ಫೈಲ್‌ನೋಡ್.

2.5 ಜಿಬಿ ಟೇಬಲ್‌ನ ಮುಖ್ಯ ಡೇಟಾಗೆ ಪೋಸ್ಟ್‌ಗ್ರೆಸ್‌ನಲ್ಲಿ ಎಷ್ಟು ತುಂಡು? ಮೂರು. ಕೊನೆಯದರ ಹೆಸರು .2ಕ್ಕೆ ಮುಗಿಯುತ್ತದೆ.

ಡ್ರಾಪ್ ಮಾಡಿ ಕಮಿಟ್ ಆದ ಮೇಲೂ ಸೊನ್ನೆ ಬೈಟ್‌ನ ಕಡತ ಕಾಣುತ್ತಿದೆ, ದೋಷವೇ? ಅಲ್ಲ. ಚೆಕ್‌ಪಾಯಿಂಟ್ ಆಜ್ಞೆ ಕೊಟ್ಟು ಮತ್ತೆ ನೋಡಿ, ಇರುವುದಿಲ್ಲ.